ನಮ್ಮ ತೋಟದ ರೋಗಕ್ಕೆ ಹೊರಗಿನವರು ಮದ್ದು ಹುಡುಕಿ ಕೊಡುವುದಿಲ್ಲ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ಅರ್ಧಕ್ಕೆ ಇಳಿದಿದೆ. ಮಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ ಮುಗಿಸಿದ್ದಾಳೆ. ಈಗ ಪಿಎಚ್‌ಡಿ ಮಾಡುತ್ತೇನೆ, ಇದೇ ರೋಗದ ಮೇಲೆ ಕೆಲಸ ಮಾಡುತ್ತೇನೆ ಅನ್ನುತ್ತಾಳೆ. ಮನೆಯಲ್ಲಿ ಎಲ್ಲರೂ ಬ್ಯಾಂಕ್ ಪರೀಕ್ಷೆ ಬರೆಯಲಿ ಅನ್ನುತ್ತಾರೆ. ನನ್ನ ಪ್ರಶ್ನೆ ಇಷ್ಟೇ. ವಿಶ್ವವಿದ್ಯಾಲಯಗಳಲ್ಲಿ ಇಷ್ಟು ವರ್ಷ ಸಂಶೋಧನೆ ನಡೆದು ನಮ್ಮಂಥವರಿಗೆ ಏನು ಸಿಕ್ಕಿದೆ? ಆ ದುಡ್ಡನ್ನು ರಸ್ತೆಗೋ ಆಸ್ಪತ್ರೆಗೋ ಹಾಕಿದರೆ ದೇಶಕ್ಕೆ ಜಾಸ್ತಿ ಉಪಯೋಗ ಅಲ್ಲವೇ? ಮಗಳನ್ನು ಕಳಿಸಲೋ ಬೇಡವೋ?

ಉತ್ತರ: ನಮಸ್ಕಾರ. ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಮಗಳ ಬಗ್ಗೆ ಚಿಂತೆಯೂ ಇದೆ. ಎರಡೂ ಸಹಜ. ನಾನು ಸಸ್ಯರೋಗಗಳ ಪಾಠ ಮಾಡಿ ನಿವೃತ್ತನಾದವನು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ತೋಟಗಳಲ್ಲೇ ಹೆಚ್ಚು ಓಡಾಡಿದವನು. ದೇಶದ ಲೆಕ್ಕ ಆಮೇಲೆ ನೋಡೋಣ. ಮೊದಲು ನಿಮ್ಮ ತೋಟಕ್ಕೇ ಬರುತ್ತೇನೆ.

ಮಳೆ ಹಿಡಿಯುವ ಮುಂಚೆ ನೀವು ಮರ ಹತ್ತುವ ಕೊನೆಗಾರನನ್ನು ಕರೆಸಿ, ಅಡಿಕೆ ಕೊಳೆತು ಉದುರುವ ಕೊಳೆ ರೋಗಕ್ಕೆ ಔಷಧಿ ಹೊಡೆಸುತ್ತೀರಿ, ಅಲ್ವಾ? ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಒಂದು ಡ್ರಮ್ಮಿನಲ್ಲಿ, ಸುಣ್ಣ ಇನ್ನೊಂದರಲ್ಲಿ. ಎರಡನ್ನೂ ಸೇರಿಸಿದ ಮೇಲೆ ಹದ ನೋಡಲು ಕತ್ತಿಯ ಅಲಗನ್ನು ಅದ್ದುತ್ತೀರಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನೊಂದಿಷ್ಟು ಸುಣ್ಣದ ತಿಳಿ ಹಾಕುತ್ತೀರಿ. ಹತ್ತದಿದ್ದರೆ ಸರಿ, ಮರಕ್ಕೆ ಹೊಡೆಯಬಹುದು. ಇದು ನಮ್ಮ ಕಡೆ ಎಷ್ಟು ರೂಢಿಯಾಗಿದೆ ಅಂದರೆ, ಅಜ್ಜನ ಕಾಲದ ಮನೆಮದ್ದು ಅಂತಲೇ ಬಹಳ ಜನ ತಿಳಿದಿದ್ದಾರೆ. ಆದರೆ ಇದು ಬಂದದ್ದು ಒಂದು ವಿಶ್ವವಿದ್ಯಾಲಯದಿಂದ.

ಫ್ರಾನ್ಸ್ ದೇಶದ ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಮಿಲ್ಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರೊಫೆಸರ್ ಇದ್ದರು. ಆಗ ಅಲ್ಲಿನ ದ್ರಾಕ್ಷಿ ತೋಟಗಳನ್ನು ಬೂಜು ರೋಗ ತಿಂದು ಹಾಕುತ್ತಿತ್ತು. 1882ರಲ್ಲಿ ಅವರು ಒಂದು ತೋಟದಲ್ಲಿ ಒಂದು ವಿಚಿತ್ರ ಕಂಡರು. ಒಳಗಿನ ಬಳ್ಳಿಗಳ ಎಲೆ ಉದುರಿತ್ತು. ರಸ್ತೆ ಬದಿಯ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕೀಳಬಾರದು ಅಂತ ತೋಟದವರು ಆ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚಿದ್ದರು. ನೋಡಿದವರಿಗೆ ವಿಷದ ಹಾಗೆ ಕಾಣಲಿ ಅಂತ. ಮಿಲ್ಲಾರ್ಡೆ ಅದನ್ನು ನೋಡಿ ಸುಮ್ನೆ ಮನೆಗೆ ಹೋಗಲಿಲ್ಲ. ಗೇಯಾನ್ ಎಂಬ ರಸಾಯನಶಾಸ್ತ್ರದ ಸಹೋದ್ಯೋಗಿಯ ಜೊತೆ ಸೇರಿ, ಎಷ್ಟು ತುತ್ತಕ್ಕೆ ಎಷ್ಟು ಸುಣ್ಣ ಬೇಕು ಎಂದು ಪರೀಕ್ಷೆ ಮಾಡಿದರು. 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೋರ್ಡೋ ದ್ರಾವಣ ಹುಟ್ಟಿದ್ದು ಹಾಗೆ.

ಈಗ ನಮ್ಮ ಕಡೆಗೆ ಬನ್ನಿ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಬಂದರು. ಶಿಲೀಂಧ್ರ ಮತ್ತು ಕೀಟಗಳ ಅಧ್ಯಯನಕ್ಕೆ ಅಂತ ಸಂಸ್ಥಾನ ಅವರನ್ನು ನೇಮಿಸಿತ್ತು. ಆಗ ಮಲೆನಾಡಿನಲ್ಲಿ ಕೊಳೆ ರೋಗಕ್ಕೆ ಇದ್ದ ಉಪಾಯ ಒಂದೇ, ಕೊಟ್ಟೆ ಕಟ್ಟುವುದು. ಪ್ರತಿ ಮರ ಹತ್ತಿ, ಪ್ರತಿ ಅಡಿಕೆ ಕೊನೆಗೂ (ಗೊನೆಗೂ) ಹೊದಿಕೆಯಂಥ ಕೊಟ್ಟೆ ಕಟ್ಟಿ ಮಳೆ ನೀರು ತಾಗದಂತೆ ನೋಡಿಕೊಳ್ಳಬೇಕು. ಕೋಲ್ಮನ್ ಉದುರಿದ ಅಡಿಕೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಇದು ಫೈಟಾಫ್ತೊರಾ ಜಾತಿಯ ರೋಗಾಣು ಎಂದು ಗುರುತಿಸಿದರು. ದ್ರಾಕ್ಷಿಯ ಬೂಜು ರೋಗಾಣುವಿಗೆ ಇದು ಹತ್ತಿರದ ನಂಟಿನದು. ಹಾಗಾದರೆ ಅಲ್ಲಿಯ ಮದ್ದು ಇಲ್ಲೂ ನಡೆಯಬೇಕಲ್ಲ? ಅವರ ಕೊಳೆ ರೋಗದ ವರದಿ 1910ರಲ್ಲಿ ಬಂತು. ನಮ್ಮ ಮಳೆಗೆ ಔಷಧಿ ತೊಳೆದು ಹೋಗುತ್ತದೆ ಎಂದು ಅದಕ್ಕೆ ರಾಳದ ಅಂಟು ಸೇರಿಸುವ ಪದ್ಧತಿಯೂ ಬಂತು. ಈಗಲೂ ಕೆಲವರು ರಾಳ ಹಾಕುತ್ತಾರೆ, ನೀವೂ ನೋಡಿರುತ್ತೀರಿ.

ಮಿಲ್ಲಾರ್ಡೆಯ ಲೇಖನ 1885ರಿಂದಲೇ ಜಗತ್ತಿನ ಮುಂದೆ ಇತ್ತು. ಯಾರು ಬೇಕಾದರೂ ಓದಬಹುದಿತ್ತು. ಆದರೂ 20ಕ್ಕೂ ಹೆಚ್ಚು ವರ್ಷ ನಮ್ಮ ಅಡಿಕೆಗೆ ಅದರಿಂದ ಉಪಯೋಗ ಆಗಲಿಲ್ಲ. ಯಾಕೆ? ಆ ಲೇಖನ ಓದಿ, ನಮ್ಮ ಕೊಳೆತ ಅಡಿಕೆ ನೋಡಿ, ಇದಕ್ಕೂ ಅದಕ್ಕೂ ನಂಟಿದೆ ಎಂದು ಹೇಳಬಲ್ಲ ಒಬ್ಬರು ಇಲ್ಲಿ ಇರಲಿಲ್ಲ. ವಿಶ್ವವಿದ್ಯಾಲಯದ ಸಂಶೋಧನೆ ದೇಶಕ್ಕೆ ಏನು ಕೊಡುತ್ತದೆ ಎಂದು ಕೇಳಿದಿರಿ. ಔಷಧಿ, ತಳಿ, ಯಂತ್ರ ಎಲ್ಲ ಕೊಡುತ್ತದೆ, ನಿಜ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಬೇರೆ. ನಮ್ಮ ಊರಿನ ಕಷ್ಟವನ್ನು ನೋಡಿ, ಅದು ಏನು ಎಂದು ಕಂಡುಹಿಡಿಯಬಲ್ಲ ಜನರನ್ನು ಅದು ತಯಾರು ಮಾಡುತ್ತದೆ. ಬೇರೆ ಎಲ್ಲವನ್ನೂ ಹೊರಗಿನಿಂದ ತರಿಸಬಹುದು. ಆ ಜನರನ್ನು ನಾವೇ ಬೆಳೆಸಬೇಕು.

ಆಸ್ಪತ್ರೆಗೆ ದುಡ್ಡು ಹಾಕಿ ಅಂದಿರಿ. ಒಪ್ಪುತ್ತೇನೆ, ಹಾಕಲೇಬೇಕು. ಆದರೆ ಆಸ್ಪತ್ರೆಯೊಳಗೆ ಏನಿದೆ ಎಂದೂ ನೋಡೋಣ. ಮಂಗನ ಕಾಯಿಲೆ ನಿಮ್ಮ ತಾಲ್ಲೂಕಿಗೆ ಹೊಸದಲ್ಲ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿಗೆ ಸೊಪ್ಪು, ತರಗೆಲೆ ತರಲು ಹೋದವರಿಗೆ ಉಣುಗು ಕಚ್ಚಿ ಜ್ವರ ಬರುತ್ತದೆ. ಜ್ವರ ಬಂದ 100 ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದು ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡುತ್ತಾರೆ. ಹಿಂದೆ ಇದೇ ವೈರಸ್ ಇದೆಯೋ ಇಲ್ಲವೋ ನೋಡಲು ರೋಗಿಯ ರಕ್ತವನ್ನು ಇಲಿಮರಿಗಳಿಗೆ ಚುಚ್ಚಿ, ಅವಕ್ಕೆ ರೋಗ ಬರುತ್ತದೆಯೇ ಎಂದು ದಿನಗಟ್ಟಲೆ ಕಾಯಬೇಕಿತ್ತು.

ಈ ಆರ್‌ಟಿ-ಪಿಸಿಆರ್ ಎಲ್ಲಿಂದ ಬಂತು ಗೊತ್ತೇ? ಮಂಗನ ಕಾಯಿಲೆಯ ವೈರಸ್ಸಿನೊಳಗೆ ಇರುವುದು ಆರ್‌ಎನ್‌ಎ. ಅದನ್ನು ಮೊದಲು ಡಿಎನ್‌ಎ ರೂಪಕ್ಕೆ ತಿರುಗಿಸಬೇಕು. ಹಾಗೆ ತಿರುಗಿಸುವ ಒಂದು ಕಿಣ್ವ ಇದೆ. ಅದನ್ನು 1970ರಲ್ಲಿ ಕಂಡುಹಿಡಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೊವರ್ಡ್ ಟೆಮಿನ್ ಮತ್ತು ಎಂಐಟಿಯ ಡೇವಿಡ್ ಬಾಲ್ಟಿಮೋರ್. ಇಬ್ಬರೂ ಬೇರೆ ಬೇರೆಯಾಗಿ ಕಂಡರು. ಅವರು ಹುಡುಕುತ್ತಿದ್ದದ್ದು ಪ್ರಾಣಿಗಳಲ್ಲಿ ಗಂಟು ಬರಿಸುವ ವೈರಸ್ಸುಗಳ ಗುಟ್ಟನ್ನು. ಆಮೇಲಿನ ಹೆಜ್ಜೆಯಲ್ಲಿ ಆ ಡಿಎನ್‌ಎಯನ್ನು ಲಕ್ಷ ಲಕ್ಷ ಪ್ರತಿ ಮಾಡಬೇಕು. ಪ್ರತಿ ಸುತ್ತಿನಲ್ಲೂ ಅದನ್ನು ಸುಮಾರು 95 ಡಿಗ್ರಿಗೆ ಕಾಯಿಸುತ್ತಾರೆ. ಆ ಬಿಸಿಗೆ ಮಾಮೂಲಿ ಕಿಣ್ವಗಳು ಸತ್ತೇ ಹೋಗುತ್ತವೆ. ಸಾಯದ ಕಿಣ್ವ ಸಿಕ್ಕಿದ್ದು ಅಮೆರಿಕದ ಯೆಲ್ಲೋಸ್ಟೋನ್ ಕಾಡಿನ ಬಿಸಿನೀರಿನ ಬುಗ್ಗೆಯ ಒಂದು ಬ್ಯಾಕ್ಟೀರಿಯಾದಲ್ಲಿ. ಅದನ್ನು 1966ರಲ್ಲಿ ಹಿಡಿದು ಬೆಳೆಸಿದವರು ಇಂಡಿಯಾನ ವಿಶ್ವವಿದ್ಯಾಲಯದ ಥಾಮಸ್ ಬ್ರಾಕ್. ಅಷ್ಟು ಬಿಸಿ ನೀರಿನಲ್ಲಿ ಜೀವ ಹೇಗೆ ಇರುತ್ತದೆ ಎಂಬ ಕುತೂಹಲ ಬಿಟ್ಟರೆ ಅವರಿಗೆ ಬೇರೆ ಉದ್ದೇಶ ಇರಲಿಲ್ಲ. ಪಿಸಿಆರ್ ವಿಧಾನ ಹುಟ್ಟಿದ್ದು ಒಂದು ಖಾಸಗಿ ಕಂಪನಿಯಲ್ಲಿ, 1983ರಲ್ಲಿ. ಬುಗ್ಗೆಯ ಕಿಣ್ವವನ್ನು ಅದರಲ್ಲಿ ಬಳಸಿದ್ದು ಕೆಲವು ವರ್ಷ ಆದ ಮೇಲೆ. ಕಂಪನಿಯ ಜಾಣತನಕ್ಕೆ ನಾನು ಬೆಲೆ ಕಡಿಮೆ ಮಾಡುವುದಿಲ್ಲ. ಆದರೆ ಬುಗ್ಗೆಯ ಬ್ಯಾಕ್ಟೀರಿಯಾ ಹುಡುಕಲು ಯಾವ ಕಂಪನಿಯೂ ಸಂಬಳ ಕೊಟ್ಟು ಜನ ಕಳಿಸುತ್ತಿರಲಿಲ್ಲ.

ಹಾಗಾಗಿ "ಇದರಿಂದ ಏನು ಉಪಯೋಗ" ಎಂದು ಸಂಶೋಧನೆ ನಡೆಯುವ ದಿನವೇ ಕೇಳಿದರೆ ಉತ್ತರ ಸಿಗುವುದಿಲ್ಲ. 1966ರಲ್ಲಿ ಬ್ರಾಕ್ ಅವರನ್ನು ಕೇಳಿದ್ದರೆ, ಸಾಗರದ ಅರಳಗೋಡಿನ ಜ್ವರಕ್ಕೆ ಇದು ಬೇಕಾಗುತ್ತದೆ ಎಂದು ಅವರು ಹೇಳಲು ಸಾಧ್ಯವಿರಲಿಲ್ಲ.

ಅದೇ ಮಂಗನ ಕಾಯಿಲೆಯ ಇನ್ನೊಂದು ಮುಖ ನೋಡಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯುತ್ತಿವೆ ಎಂದು ಗೊತ್ತಾದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮೊದಲು ಇದು ಹಳದಿ ಜ್ವರ ಇರಬಹುದೇ ಎಂದು ಹೆದರಿದ್ದರು. ಪರೀಕ್ಷೆ ಮಾಡಿದರೆ ಹೊಸ ವೈರಸ್, ರಷ್ಯಾದ ಕಡೆ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್ಸಿಗೆ ನಂಟಿನದು. ಲಸಿಕೆಯನ್ನೂ ಮಾಡಿದರು. ನಮ್ಮ ಕಡೆ ಬಹಳ ವರ್ಷ ಕೊಟ್ಟರು. ಅದರ ಶಕ್ತಿ ಸಾಲದು ಎಂದು ಇತ್ತೀಚಿನ ವರ್ಷಗಳಲ್ಲಿ ನಿಲ್ಲಿಸಿದರು. ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳಲು ಕೊಡುವ ಡೆಪಾ ತೈಲ ರಕ್ಷಣಾ ಇಲಾಖೆಯ ಸಂಶೋಧಕರು ಸೈನಿಕರಿಗಾಗಿ ಮಾಡಿದ್ದು. ಹೊಸ ಲಸಿಕೆಗೆ ಕೆಲಸ ನಡೆಯುತ್ತಿದೆ. ಆದರೆ 1957ರಿಂದ ಇಲ್ಲಿಯವರೆಗೆ ದೊಡ್ಡ ವಿದೇಶಿ ಔಷಧಿ ಕಂಪನಿಗಳಿಗೆ ಇದು ಯಾಕೆ ಬೇಡವಾಯಿತು? ವರ್ಷಕ್ಕೆ ಕೆಲವು ನೂರು ಜನರಿಗೆ ಬರುವ ರೋಗ. ಬರುವುದು ಕಾಡಂಚಿನ ಬಡವರಿಗೆ. ವ್ಯಾಪಾರದ ಲೆಕ್ಕದಲ್ಲಿ ಅದು ಗಿಟ್ಟುವುದಿಲ್ಲ. ಬೇರೆ ದೇಶದ ಸರ್ಕಾರಕ್ಕೆ ಇದು ತನ್ನ ಜನರ ರೋಗವಲ್ಲ. ನಾವು ಮಾಡದಿದ್ದರೆ ಯಾರೂ ಮಾಡುವುದಿಲ್ಲ.

ಅಡಿಕೆಯದ್ದೂ ಇದೇ ಕಥೆ. ಗೋಧಿ, ಮೆಕ್ಕೆಜೋಳ, ಸೋಯಾ ಬಗ್ಗೆ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಕೆಲಸ ಮಾಡುತ್ತವೆ. ಅಡಿಕೆ ಬಗ್ಗೆ ಮಾಡುವವರು ನಾವು ಮತ್ತು ಏಷ್ಯಾದ ಬೆರಳೆಣಿಕೆಯ ದೇಶಗಳು. ಅಡಿಕೆ ತಳಿ ತೆಗೆಯುವುದು ಎಷ್ಟು ನಿಧಾನದ ಕೆಲಸ ಎಂದು ಲೆಕ್ಕ ಹಾಕಿ ನೋಡಿ. ಈ ವರ್ಷ ಎರಡು ಮರಗಳ ಸಂಕರ ಮಾಡಿದರೆ, ಬೀಜದಡಿಕೆ ಮೊಳೆತು ಸಸಿಯಾಗಿ ತೋಟಕ್ಕೆ ಬರಲು ಒಂದೂವರೆ ಎರಡು ವರ್ಷ. ಅದು ಫಲ ಬಿಡಲು ಇನ್ನೂ ಐದಾರು ವರ್ಷ. ಒಂದು ಮರ ಒಂದು ವರ್ಷ ಚೆನ್ನಾಗಿ ಬಿಟ್ಟರೆ ಸಾಲದು. ಮಳೆ ಜಾಸ್ತಿಯಾದ ವರ್ಷ, ಕಡಿಮೆಯಾದ ವರ್ಷ, ಎಲ್ಲ ನೋಡಬೇಕು. ಆಮೇಲೆ ಬೇರೆ ಬೇರೆ ಊರುಗಳಲ್ಲಿ ಬೆಳೆಸಿ ನೋಡಬೇಕು. ಒಬ್ಬ ವಿಜ್ಞಾನಿಯ ಇಡೀ ಸರ್ವಿಸ್ ಒಂದೆರಡು ತಳಿಯಲ್ಲೇ ಮುಗಿಯುತ್ತದೆ. ಚೀನಾದಿಂದ ತರಿಸಿದ ಅಡಿಕೆಯಿಂದ ಆಯ್ದ 'ಮಂಗಳಾ' ತಳಿಯನ್ನು ವಿಟ್ಲದ ಕೇಂದ್ರದಿಂದ 1972ರಲ್ಲಿ ಬಿಡುಗಡೆ ಮಾಡಿದರು. ಆಮೇಲೆ ಸುಮಂಗಳಾ, ಶ್ರೀಮಂಗಳಾ, ಮೋಹಿತ್‌ನಗರ ಬಂದವು. ಹಿರೇಹಳ್ಳಿಯ ಗಿಡ್ಡ ಮರವನ್ನು ಸುಮಂಗಳಾ ಜೊತೆ ಸೇರಿಸಿ ಗಿಡ್ಡ ಸಂಕರ ತಳಿಯನ್ನೂ ತೆಗೆದರು. ಕೊನೆಗಾರರು ಸಿಗದ ಈ ಕಾಲದಲ್ಲಿ ಗಿಡ್ಡ ಮರದ ಬೆಲೆ ನಿಮಗೆ ಬೇರೆ ಹೇಳಬೇಕಿಲ್ಲ. 20–25 ವರ್ಷ ಕಾದು ಲಾಭ ನೋಡುವ ಕಂಪನಿ ಎಲ್ಲಿದೆ ಹೇಳಿ?

ವಿಟ್ಲದ್ದು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ, ವಿಶ್ವವಿದ್ಯಾಲಯ ಅಲ್ಲ. ಪುಣೆಯದ್ದೂ ಅಲ್ಲ. ನೀವು ಈ ಮಾತು ಎತ್ತಬಹುದು. ಆದರೆ ಅಲ್ಲಿ ಕೆಲಸ ಮಾಡುವವರು ಓದಿ ಬರುವುದು ವಿಶ್ವವಿದ್ಯಾಲಯಗಳಲ್ಲೇ. ಪಿಎಚ್‌ಡಿ ಮಾಡುವಾಗಲೇ ಅವರಿಗೆ ಕೈ ಪಳಗುವುದು. ಆ ಬೇರು ಒಣಗಿದರೆ ಈ ಸಂಸ್ಥೆಗಳೂ ಒಣಗುತ್ತವೆ.

ಇನ್ನು ಆರ್ಥಿಕತೆಯ ಮಾತು. ನಮ್ಮದೇ ಜಿಲ್ಲೆಗೆ ಸಂಬಂಧಿಸಿದ ಒಂದು ಸಂಗತಿ ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಮೊದಲನೇ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧವನ್ನು ಸರ್ಕಾರಿ ದಾಸ್ತಾನು ಕೋಠಿಗಳಲ್ಲಿ ಹರಾಜು ಹಾಕುತ್ತಿದ್ದರು. ಅದರಲ್ಲಿ ದೊಡ್ಡ ಪಾಲು ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವವರು ಅವರು, ಲಾಭ ಮಾಡುವವರೂ ಅವರು. ನಾವು ಬರೀ ಕೊರಡು ಮಾರುವವರು. 1914ರಲ್ಲಿ ಯುದ್ಧ ಶುರುವಾಯಿತು. ಜರ್ಮನಿಯ ವ್ಯಾಪಾರ ನಿಂತಿತು. ಗಂಧ ಕೋಠಿಯಲ್ಲೇ ಉಳಿಯಿತು. ಆಗ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ವಿದ್ಯಾರ್ಥಿಗಳ ಸೇರ್ಪಡೆ ಶುರುವಾಗಿ ಮೂರೇ ವರ್ಷ ಆಗಿತ್ತು. ಅಲ್ಲಿನ ಪ್ರೊಫೆಸರ್‌ಗಳಾದ ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆ ಬಟ್ಟಿ ಇಳಿಸುವ ಪ್ರಯೋಗ ಮಾಡಿದರು. ಸಂಸ್ಥಾನದ ಕೈಗಾರಿಕಾ ನಿರ್ದೇಶಕ ಆಲ್‌ಫ್ರೆಡ್ ಚಾಟರ್ಟನ್ ಬೆನ್ನಿಗೆ ನಿಂತರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಕಾರ್ಖಾನೆ ಆಯಿತು. ಆಮೇಲೆ ಮೈಸೂರಿನಲ್ಲಿ ಇನ್ನೊಂದು. ಅದರ ಹಿಂದೆಯೇ ಗಂಧದ ಸಾಬೂನು ಬಂತು. 1944ರಲ್ಲಿ ಶಿವಮೊಗ್ಗದಲ್ಲೂ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಕೊರಡು ಮಾರುತ್ತಿದ್ದ ನಾಡು ಎಣ್ಣೆ ಮಾರುವ ನಾಡಾಯಿತು. ನೋಡಿ, ಯುದ್ಧ ಬಂದ ಮೇಲೆ ಸಂಸ್ಥೆ ಕಟ್ಟಲು ಹೋಗಿದ್ದರೆ ಆಗುತ್ತಿರಲಿಲ್ಲ. ಸಂಸ್ಥೆ ಮೊದಲೇ ಇತ್ತು, ಅದಕ್ಕೇ ಸಮಯಕ್ಕೆ ಒದಗಿತು.

ಅದೇ ಗಂಧದ ಮರಕ್ಕೆ ಸ್ಪೈಕ್ ರೋಗ ಬಂತು. ಕೊಡಗಿನಲ್ಲಿ 1890ರ ದಶಕದ ಕೊನೆಯಲ್ಲಿ ಕಂಡ ರೋಗ ಅದು. ಕೋಲ್ಮನ್ ಅವರೂ ಅದರ ಮೇಲೆ ಕೆಲಸ ಮಾಡಿದರು, ಅವರ ನಂತರವೂ ಎಷ್ಟೋ ಜನ ಮಾಡಿದರು. ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣು ಎಂದು ಗೊತ್ತಾಯಿತು. ಶೃಂಗೇರಿ, ಕೊಪ್ಪದ ಕಡೆ ಅಡಿಕೆಗೆ ಬರುವ ಹಳದಿ ಎಲೆ ರೋಗಕ್ಕೂ ಅಂಥದ್ದೇ ಕಾರಣ. ಎರಡಕ್ಕೂ ಇವತ್ತಿಗೂ ಪೂರ್ತಿ ಮದ್ದಿಲ್ಲ. ಸಂಶೋಧನೆ ಅಂದರೆ ಗೆಲುವು ಮಾತ್ರ ಎಂದು ನಾನು ನಿಮಗೆ ಹೇಳುವುದಿಲ್ಲ.

ದುಡ್ಡಿನ ಲೆಕ್ಕ ಕೇಳಿದಿರಲ್ಲ, ಅದನ್ನೂ ಹೇಳುತ್ತೇನೆ. 2020–21ರ ಸರ್ಕಾರಿ ಅಂಕಿಅಂಶದ ಪ್ರಕಾರ ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು ಒಟ್ಟು ಆಂತರಿಕ ಉತ್ಪನ್ನದ ಶೇ 0.64. ಅಂದರೆ 100 ರೂಪಾಯಿಗೆ 64 ಪೈಸೆ. ಇದರಲ್ಲಿ ದೊಡ್ಡ ಪಾಲು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ, ಕೃಷಿ ಸಂಶೋಧನೆಯ ಕೇಂದ್ರ ಸಂಸ್ಥೆಗಳಿಗೆ ಹೋಗುತ್ತದೆ. ವಿಶ್ವವಿದ್ಯಾಲಯ, ಕಾಲೇಜುಗಳ ಪಾಲು ಅದರಲ್ಲಿ ಶೇ 9ರಷ್ಟು. 100 ರೂಪಾಯಿಯಲ್ಲಿ ಆರು ಪೈಸೆಯೂ ಇಲ್ಲ! ಇದನ್ನು ಕಿತ್ತು ರಸ್ತೆಗೆ ಹಾಕಿದರೆ ಎಷ್ಟು ರಸ್ತೆ ಆದೀತು? ಚೀನಾ ಇದೇ ಹೊತ್ತಿನಲ್ಲಿ ತನ್ನ ಉತ್ಪನ್ನದ ಶೇ 2.4ರಷ್ಟು ಸಂಶೋಧನೆಗೆ ಹಾಕುತ್ತಿತ್ತು. ದಕ್ಷಿಣ ಕೊರಿಯಾ ಶೇ 5ರ ಹತ್ತಿರ. ಕೊರಿಯಾ 1950ರ ದಶಕದಲ್ಲಿ ಯುದ್ಧದಿಂದ ನೆಲಕಚ್ಚಿದ ಬಡ ದೇಶ. ಕೈಗೆ ದುಡ್ಡು ಬಂದ ಮೇಲೆ ಸಂಶೋಧನೆ ಮಾಡೋಣ ಎಂದು ಅದು ಕಾಯಲಿಲ್ಲ. ನಮ್ಮಲ್ಲೂ 2023ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಬಂದಿದೆ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದಿದ್ದಾರೆ. ಅದರಲ್ಲಿ ಬಹುಪಾಲು ಖಾಸಗಿಯವರಿಂದ ಬರಬೇಕು. ಜಿಲ್ಲೆಗಳ ವಿಶ್ವವಿದ್ಯಾಲಯಗಳಿಗೆ ಅದು ಎಷ್ಟು ತಲುಪುತ್ತದೆ ಎನ್ನುವುದೇ ನನ್ನ ಚಿಂತೆ. ದೊಡ್ಡ ಸಂಸ್ಥೆಗಳಿಗೆ ಕೇಳುವ ಜನ ಇದ್ದಾರೆ. ಶಂಕರಘಟ್ಟಕ್ಕೆ, ನಮ್ಮ ಕೃಷಿ ವಿಶ್ವವಿದ್ಯಾಲಯ ಇರುವ ಇರುವಕ್ಕಿಗೆ ಯಾರು ಕೇಳಬೇಕು? ನಿಮ್ಮಂಥವರೇ ಕೇಳಬೇಕು.

ನೀವು ಹೇಳಿದ್ದರಲ್ಲಿ ನಿಜ ಇರುವ ಮಾತೂ ಇದೆ. ಬಡ್ತಿಗೆ ಬೇಕು ಅಂತ ಮಾಡಿದ ಪಿಎಚ್‌ಡಿಗಳಿವೆ. ಒಬ್ಬರದ್ದು ನೋಡಿ ಇನ್ನೊಬ್ಬರು ಬರೆದ ಪ್ರಬಂಧಗಳಿವೆ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳಿವೆ. ಇದು ಕಳ್ಳತನವೇ, ಬೇರೆ ಹೆಸರು ಬೇಡ. ಅದಕ್ಕಿಂತಲೂ ನನ್ನನ್ನು ಕಾಡುವುದು ಬೇರೆ. ಹುದ್ದೆಗಳು ವರ್ಷಗಟ್ಟಲೆ ಖಾಲಿ ಇರುತ್ತವೆ. ಅತಿಥಿ ಉಪನ್ಯಾಸಕರು ದಿನವಿಡೀ ಪಾಠ ಮಾಡಿ ಸುಸ್ತಾಗುತ್ತಾರೆ, ಅವರು ಪ್ರಯೋಗ ಮಾಡುವುದು ಯಾವಾಗ? ಮೂರು ವರ್ಷದ ಯೋಜನೆಗೆ ಎರಡನೇ ವರ್ಷದ ಹಣ ಮಳೆಗಾಲ ಮುಗಿದ ಮೇಲೆ ಬರುತ್ತದೆ. ಮಳೆಗಾಲದ ರೋಗದ ಅಧ್ಯಯನಕ್ಕೆ ಒಂದು ಮಳೆಗಾಲ ತಪ್ಪಿದರೆ ಇಡೀ ವರ್ಷ ಹೋಯಿತು. ಇದರ ನಷ್ಟ ಯಾವ ಆಡಿಟ್ಟಿನಲ್ಲೂ ಕಾಣುವುದಿಲ್ಲ. ನಿಮ್ಮ ಸಿಟ್ಟನ್ನು ಆ ಕಡೆ ತಿರುಗಿಸಿ ಎಂದು ಕೇಳಿಕೊಳ್ಳುತ್ತೇನೆ.

ಒಳ್ಳೆಯದೂ ಆಗಿದೆ, ಮರೆಯುವುದು ಬೇಡ. ನಿಮ್ಮ ಊರಿನ ಹಳೆ ಮನೆಗಳಲ್ಲಿ ಅಸ್ತ್ರ ಒಲೆ ನೋಡಿರುತ್ತೀರಿ. ಮಣ್ಣಿನ ಒಲೆ, ಸಾಲಾಗಿ ಪಾತ್ರೆ ಇಡುವ ಜಾಗ, ಹೊಗೆ ಹೋಗಲು ಗೋಡೆ ಬದಿ ಕೊಳವೆ. ಅದು ಗಂಧದೆಣ್ಣೆಯ ಪ್ರಯೋಗ ಮಾಡಿದ ಅದೇ ಬೆಂಗಳೂರಿನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಶುರು ಮಾಡಿದ 'ಅಸ್ತ್ರ' ಕೇಂದ್ರದ ಕೆಲಸ. ಗಾಳಿ ಎಲ್ಲಿಂದ ಬರಬೇಕು, ಬೆಂಕಿಯ ಬಾಯಿ ಎಷ್ಟಿರಬೇಕು ಎಂದು ಅಳತೆ ಮಾಡಿ ಮಾಡಿದ ಒಲೆ. ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡು ಅಡುಗೆ ಮಾಡಿದ ಹೆಂಗಸರನ್ನು ಕೇಳಿ, ಅದರ ಬೆಲೆ ಹೇಳುತ್ತಾರೆ. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯ ಜೊತೆ ಸೇರಿಸಿ ಇಂಡಾಫ್ ತಳಿಗಳನ್ನು ತೆಗೆದದ್ದು ಬಯಲುಸೀಮೆಯ ರೈತರಿಗೆಲ್ಲ ಗೊತ್ತು. ನಮ್ಮ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ವಯಸ್ಸು ಇನ್ನೂ ಚಿಕ್ಕದು, 2012ರ ಸುಮಾರಿಗೆ ಹುಟ್ಟಿದ್ದು. ಅದು ಆಗಲೇ 'ಸಹ್ಯಾದ್ರಿ ಮೇಘ' ಎಂಬ ಕೆಂಪಕ್ಕಿ ಭತ್ತ ಕೊಟ್ಟಿದೆ. ಜ್ಯೋತಿ ಭತ್ತ ಬೆಂಕಿ ರೋಗಕ್ಕೆ ಬೇಗ ತುತ್ತಾಗುತ್ತದೆ ಎಂದು ಅಕ್ಕಳು ತಳಿಯ ಜೊತೆ ಸಂಕರ ಮಾಡಿ ತೆಗೆದದ್ದು. ಗದ್ದೆ ಇದ್ದರೆ ನೀವೂ ಕೇಳಿರುತ್ತೀರಿ.

ಸಂಶೋಧನೆ ನಮಗೆ ಬೇಕಾದ್ದನ್ನೇ ಹೇಳಬೇಕು ಎಂದೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿ 20 ವರ್ಷ ಮೀರಿತು. ಮಲೆನಾಡಿನಲ್ಲಿ ಈ ಮಾತು ಆಡುವುದೇ ಕಷ್ಟ, ನನಗೆ ಗೊತ್ತು. ನಮ್ಮ ಮನೆಗಳು ನಿಂತಿರುವುದೇ ಅಡಿಕೆಯ ಮೇಲೆ. ಆದರೆ ಇದನ್ನು ನಮ್ಮ ವಿಶ್ವವಿದ್ಯಾಲಯಗಳೇ ಎದುರು ಕೂತು, ಹೆದರದೆ, ಪ್ರಾಮಾಣಿಕವಾಗಿ ಪರೀಕ್ಷೆ ಮಾಡಬೇಕು. ಫಲಿತಾಂಶ ನಮಗೆ ಹಿಡಿಸಲಿ, ಹಿಡಿಸದಿರಲಿ. ಮುಂದೆ ಮಾರುಕಟ್ಟೆ ಏನಾಗುತ್ತದೆ, ತೋಟದಲ್ಲಿ ಅಡಿಕೆಯ ಜೊತೆ ಕಾಳುಮೆಣಸು, ಕಾಫಿ, ಜಾಯಿಕಾಯಿ ಎಷ್ಟು ಹಾಕಬಹುದು ಎಂಬುದನ್ನೆಲ್ಲ ಈಗಲೇ ನೋಡಬೇಕು. ರೈತರು ಮೆಚ್ಚುವುದನ್ನು ಮಾತ್ರ ಹೇಳುವ ವಿಶ್ವವಿದ್ಯಾಲಯದಿಂದ ರೈತರಿಗೇ ನಷ್ಟ.

ಈಗ ಎಲೆಚುಕ್ಕಿ. ಮದ್ದು ಸಿಗಲು ಯಾಕೆ ಇಷ್ಟು ತಡ ಎಂದು ನಿಮಗೆ ಅನ್ನಿಸಬಹುದು. ಇದು ಶಿಲೀಂಧ್ರದ ರೋಗ. ಎಲೆಯ ಮೇಲೆ ಹಳದಿ ಅಂಚಿನ ಕಂದು ಚುಕ್ಕಿ, ಆಮೇಲೆ ಚುಕ್ಕಿಗಳು ಕೂಡಿಕೊಂಡು ಸೋಗೆ ಒಣಗುತ್ತದೆ. ಗಾಳಿ ಮತ್ತು ಮಳೆ ಹನಿಯ ಜೊತೆ ಹರಡುತ್ತದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಆ ಶಿಲೀಂಧ್ರವನ್ನು ಕೊಲ್ಲುವ ಔಷಧಿಗಳು ಇವೆ. ಕಷ್ಟ ಇರುವುದು ತೋಟದಲ್ಲಿ. ಅಷ್ಟು ಎತ್ತರದ ಮರದ ಸೋಗೆಯ ಅಡಿಭಾಗಕ್ಕೆ ಔಷಧಿ ತಲುಪಬೇಕು. ಮಳೆ ಬಿಡುವು ಕೊಡಬೇಕು. ನೀವು ಹೊಡೆದು, ಪಕ್ಕದ ತೋಟದವರು ಹೊಡೆಯದಿದ್ದರೆ ಅಲ್ಲಿಂದ ಮತ್ತೆ ಬರುತ್ತದೆ. ಒಂದು ಕಣಿವೆಯ ತೋಟಗಳೆಲ್ಲ ಒಟ್ಟಿಗೆ ಮಾಡಬೇಕಾದ ಕೆಲಸ ಇದು. ಹಾಗಾಗಿ ಶಿಲೀಂಧ್ರದ ಅಧ್ಯಯನದಷ್ಟೇ, ಜನ ಹೇಗೆ ಒಟ್ಟಾಗುತ್ತಾರೆ ಎಂಬ ಅಧ್ಯಯನವೂ ಬೇಕು. ಯಾವ ಮರಗಳು ರೋಗದ ನಡುವೆಯೂ ಹಸಿರಾಗಿ ಉಳಿದಿವೆ ಎಂದು ಹುಡುಕಿ, ಅವುಗಳಿಂದ ತಳಿ ತೆಗೆಯುವ ಕೆಲಸ ಇನ್ನೂ ದೊಡ್ಡದು. ಅದಕ್ಕೆ ಎಷ್ಟು ವರ್ಷ ಬೇಕು ಎಂದು ಮೇಲೆ ಲೆಕ್ಕ ಹೇಳಿದ್ದೇನೆ. ಅಂದರೆ ಇವತ್ತು ನಿಮ್ಮ ಮಗಳ ವಯಸ್ಸಿನವರು ಶುರು ಮಾಡಬೇಕು.

ಮಗಳನ್ನು ಕಳಿಸಿ ಎಂದೇ ನನ್ನ ಸಲಹೆ. ಆದರೆ ಕಣ್ಣು ಮುಚ್ಚಿಕೊಂಡು ಬೇಡ. ಮೊದಲು ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆದು ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಪಡೆಯಲು ನೋಡಲಿ. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆಯಿಂದ ದುಡ್ಡು ತರುವ ಪ್ರಮೇಯ ಇರುವುದಿಲ್ಲ. ಎಂಎಸ್ಸಿಯಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲ ಸ್ಥಾನ ಬಂದಿದ್ದರೆ ಇನ್‌ಸ್ಪೈರ್ ಫೆಲೋಶಿಪ್‌ಗೂ ಅರ್ಜಿ ಹಾಕಬಹುದು. ಯಾವ ಫೆಲೋಶಿಪ್ಪೂ ಇಲ್ಲದೆ ಸೇರುವುದು ನಮ್ಮಂಥ ಮನೆಯ ಮಕ್ಕಳಿಗೆ ಬಹಳ ಕಷ್ಟ. ಆ ಐದು ವರ್ಷ ಅವಮಾನದಲ್ಲಿ ಕಳೆಯಬಾರದು. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿಗೆ ಸಾಮಾನ್ಯವಾಗಿ ಕೃಷಿ ವಿಷಯದ ಎಂಎಸ್ಸಿಯೇ ಬೇಕು. ಮೈಕ್ರೋಬಯಾಲಜಿಯವರಿಗೆ ಶಂಕರಘಟ್ಟದಂಥ ಕಡೆ ದಾರಿ ಸಲೀಸು. ಅಲ್ಲಿ ಸೇರಿ, ತೋಟದ ಪ್ರಯೋಗಕ್ಕೆ ಕೃಷಿ ವಿಜ್ಞಾನಿಗಳ ಜೊತೆ ಕೈಜೋಡಿಸಲಿ.

ಮಾರ್ಗದರ್ಶಕರನ್ನು ಆರಿಸುವುದು ವಿಶ್ವವಿದ್ಯಾಲಯ ಆರಿಸುವುದಕ್ಕಿಂತ ಮುಖ್ಯ. ಅವರ ಹಳೆಯ ವಿದ್ಯಾರ್ಥಿಗಳ ಜೊತೆ ಮಾತಾಡಲಿ. ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ, ಸರ್ ಅಥವಾ ಮೇಡಂ ತಾವೇ ತೋಟಕ್ಕೆ ಬರುತ್ತಾರೋ, ವಿದ್ಯಾರ್ಥಿಗಳನ್ನು ಮಾತ್ರ ಕಳಿಸುತ್ತಾರೋ ಎಂದು ಕೇಳಲಿ. ನಾಲ್ಕು ಜನ ಚೆನ್ನಾಗಿ ಹೇಳಿದರೆ ಸೇರಲಿ. ಪಿಎಚ್‌ಡಿ ಆದ ಮೇಲೆ ಕೆಲಸ ಖಚಿತ ಎಂದು ನಾನು ಭರವಸೆ ಕೊಡಲಾರೆ. ಲಸಿಕೆ, ಬಯೋಟೆಕ್, ಜೈವಿಕ ಗೊಬ್ಬರದ ಕಂಪನಿಗಳು, ರೋಗ ಪತ್ತೆ ಪ್ರಯೋಗಾಲಯಗಳು, ಸಂಶೋಧನಾ ಸಂಸ್ಥೆಗಳು ಇಂಥವರನ್ನು ತೆಗೆದುಕೊಳ್ಳುತ್ತವೆ. ಬ್ಯಾಂಕ್ ಪರೀಕ್ಷೆಗೂ ವಯಸ್ಸಿನ ಮಿತಿ ಇದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡೇ ತೀರ್ಮಾನ ಮಾಡಿ. ತೀರ್ಮಾನ ಮಾತ್ರ ಅವಳದ್ದಾಗಿರಲಿ.

ನಿಮಗೂ ಒಂದು ಕೆಲಸ ಇದೆ. ತೋಟದಲ್ಲಿ ಸುತ್ತಾಡುವಾಗ ಅಕ್ಕಪಕ್ಕದ ಮರಗಳೆಲ್ಲ ಒಣಗಿದ್ದರೂ ಹಸಿರಾಗಿ ನಿಂತ ಮರ ಕಂಡರೆ ಅದಕ್ಕೆ ಬಣ್ಣದಲ್ಲಿ ನಂಬರ್ ಹಾಕಿ. ಒಂದು ನೋಟ್‌ಬುಕ್ಕಿನಲ್ಲಿ ಆ ಮರದ ವಯಸ್ಸು, ಎಷ್ಟು ಕೊನೆ ಬಿಟ್ಟಿತು, ಯಾವ ತಿಂಗಳು ಚುಕ್ಕಿ ಕಂಡಿತು, ಯಾವಾಗ ಔಷಧಿ ಹೊಡೆದಿರಿ ಎಂದು ಬರೆದಿಡಿ. ಮಳೆ ಲೆಕ್ಕ ಇದ್ದರೆ ಅದನ್ನೂ ಬರೆಯಿರಿ. ಎರಡು ಮಳೆಗಾಲದ ಇಂಥ ದಾಖಲೆ ತೀರ್ಥಹಳ್ಳಿಯ ಅಡಿಕೆ ಸಂಶೋಧನಾ ಕೇಂದ್ರದವರಿಗೂ, ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನವರಿಗೂ ಬಹಳ ಉಪಯೋಗ. ರೋಗದ ಎಲೆ ತೆಗೆದುಕೊಂಡು ಹೋಗುವಾಗ ಪೂರ್ತಿ ಒಣಗಿದ್ದನ್ನು ಒಯ್ಯಬೇಡಿ. ಚುಕ್ಕಿ ಆಗಷ್ಟೇ ಶುರುವಾದ ಹಸಿ ಎಲೆಯ ತುಂಡನ್ನು ಪೇಪರಿನಲ್ಲಿ ಸುತ್ತಿ, ಅದೇ ದಿನ ತಲುಪಿಸಿ. ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಬೆವತು ಬೇರೆ ಬೂಜು ಬೆಳೆಯುತ್ತದೆ, ಆಗ ಯಾವುದು ರೋಗದ್ದು ಯಾವುದು ಅಲ್ಲ ಎಂದು ತಿಳಿಯುವುದಿಲ್ಲ. ಮಗಳು ಆ ನೋಟ್‌ಬುಕ್ ಹಿಡಿದುಕೊಂಡೇ ಮಾರ್ಗದರ್ಶಕರನ್ನು ಭೇಟಿ ಮಾಡಲಿ. ಸಂದರ್ಶನದಲ್ಲಿ ಏನು ಕೆಲಸ ಮಾಡುತ್ತೀಯಮ್ಮ ಎಂದು ಕೇಳಿದರೆ ತೋರಿಸಲು ಅವಳ ಕೈಯಲ್ಲಿ ಎರಡು ವರ್ಷದ ಮಾಹಿತಿ ಇರುತ್ತದೆ.